ಅಕ್ಕ ಕರಿದಳು

ಬಸವೇಶ್ವರನಗರ, ಬೆಂಗಳೂರು
೨೬-೯-೧೯೮೯, ಮಂಗಳವಾರ

ಪ್ರೀತಿಯ ಅಲಮೇಲು,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ತಾನೆ? ನಿನ್ನ ಹಿಂದಿನ ಕಾಗದಕ್ಕೂ ಉತ್ತರವಿಲ್ಲ, ಅದರ ಹಿಂದಿನದಕ್ಕೂ ಇಲ್ಲ. ಬೈದುಕೊಂಡಿರುತ್ತೀಯ. ದಾವಣಗೆರೆಯಲ್ಲಿ ಬೈದರೆ ಇಲ್ಲಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಸುಮ್ಮನಿದ್ದೆ. ಕಾರಣವನ್ನೂ ಹೇಳಿಬಿಡುತ್ತೇನೆ. ಮಲಗುವ ಮುಂಚೆ ದಿನಚರಿ ಬರೆಯುವ ಹುಚ್ಚು ನನಗೆ ಇದೆಯಲ್ಲ, ಅದರಲ್ಲಿ ಎಲ್ಲವನ್ನೂ ಬರೆದಾದ ಮೇಲೆ ನಿನಗೂ ಬರೆದಾಯಿತು ಎಂದು ಮನಸ್ಸು ನಂಬಿಬಿಡುತ್ತದೆ. ಬೆಳಿಗ್ಗೆ ನೋಡಿದರೆ ನಿನ್ನ ಹೆಸರಿನ ಇನ್‌ಲ್ಯಾಂಡ್ ಖಾಲಿಯೇ ಇರುತ್ತದೆ. ಇವತ್ತು ಹೇಳುವುದು ಇನ್‌ಲ್ಯಾಂಡಿನಲ್ಲಿ ಹಿಡಿಯುವುದಿಲ್ಲ. ಕವರು ತಂದಿದ್ದೇನೆ, ಕಾಫಿ ಕುಡಿಯುತ್ತಾ ಓದು.

ನಾನು ಚೆನ್ನಾಗಿದ್ದೇನೆ. ನವರಾತ್ರಿ ಹತ್ತಿರ ಬಂತಲ್ಲ, ಹೊಲಿಗೆ ಕೈ ತುಂಬ ಇದೆ. ಈ ವರ್ಷ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಹಾಗಿಲ್ಲ. ಆದರೆ ಬೀದಿಯವರ ಗೊಂಬೆಗಳಿಗೆಲ್ಲ ಲಂಗ ಹೊಲಿಯುವವಳು ನಾನೇ. ಬಟ್ಟೆ ಚೂರುಗಳನ್ನೆಲ್ಲ ಸೊಪ್ಪಿನ ಮುನಿತಾಯಮ್ಮ ಕೇಳಿ ಇಸಿದುಕೊಂಡು ಹೋಗುತ್ತಾಳೆ, ಕೌದಿ ಹೊಲಿಯುತ್ತಾಳಂತೆ.

ಏಪ್ರಿಲ್‌ನಲ್ಲಿ ನನ್ನ ತಮ್ಮ ಚಕ್ರಪಾಣಿ ಹೋದಾಗ ನೀನು ಬಂದು ನನ್ನ ಜೊತೆ ಇದ್ದುಹೋದೆ. ಆಗ ನಾನು ನಿನ್ನೊಡನೆ ಸರಿಯಾಗಿ ಒಂದು ಮಾತನ್ನೂ ಆಡಲಿಲ್ಲ. ಇದು ಅಳುವ ಕಾಗದವಲ್ಲ, ಹೆದರಬೇಡ. ಐದು ತಿಂಗಳಾದ ಮೇಲೆ ಈ ಮನೆಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಜೊತೆಗೆ ನಾನೂ ನಕ್ಕೆ. ಅದನ್ನೇ ಹೇಳಬೇಕು.

ನೀನು ಬಂದಿದ್ದಾಗ ಹಜಾರದಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಪೆಟ್ಟಿಗೆ ನೋಡಿ, “ಟೀವಿ ಇದೆಯಲ್ಲೇ, ಬೇಜಾರಾದಾಗ ಹಾಕ್ಕೊ” ಅಂದಿದ್ದೆ. ಅದು ಟೀವಿಯಲ್ಲ, ಕಂಪ್ಯೂಟರು. ಮನೆಯಲ್ಲೂ ಕೆಲಸ ಮಾಡಲಿ ಎಂದು ತಮ್ಮನಿಗೆ ಅವನ ಕಂಪನಿಯವರು ಹಳೆಯದೊಂದನ್ನು ಕೊಟ್ಟಿದ್ದರು. ಅವನು ಅದರ ಪಕ್ಕ ಒಂದು ಸಣ್ಣ ಡಬ್ಬಿ ಇಟ್ಟು ಟೆಲಿಫೋನಿಗೆ ಸೇರಿಸಿದ. ಅದಕ್ಕೆ ಮೋಡೆಮ್ ಎನ್ನುತ್ತಾರೆ, ನನ್ನ ಬಾಯಲ್ಲಿ ಅದು ಡಬ್ಬಿಯೇ. ಬೇರೆ ಕಡೆ ಇಂಥದೇ ಮಿಷನ್ ಇಟ್ಟುಕೊಂಡವರು ನಮ್ಮ ನಂಬರಿಗೆ ಫೋನ್ ಮಾಡಿದರೆ, ಈ ಡಬ್ಬಿ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿ ಫೋನ್ ಎತ್ತಿಕೊಳ್ಳುತ್ತದೆ. ಅಲ್ಲಿಂದ ಅವರು ಬರೆದದ್ದು ನಮ್ಮ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಇಲ್ಲಿ ಇರುವುದು ಅವರಿಗೆ ಕಾಣುತ್ತದೆ. ಬುಲೆಟಿನ್ ಬೋರ್ಡ್ ಎಂದು ಅದರ ಹೆಸರಂತೆ. ಚಕ್ರಪಾಣಿ ಅದನ್ನು ‘ಜಗುಲಿ’ ಎಂದು ಕರೆದ. “ನಮ್ಮನೆ ಜಗುಲಿ ಅಂದ್ಕೊಳಕ್ಕ. ಆದ್ರೆ ಒಂದು ಸಲಕ್ಕೆ ಒಬ್ರೇ ಕೂರಕ್ಕಾಗೋದು. ಬರ್ತಾರೆ, ಚೀಟಿ ಬರೆದಿಟ್ಟು ಹೋಗ್ತಾರೆ. ಆಮೇಲೆ ಇನ್ನೊಬ್ರು ಬಂದು ಓದ್ತಾರೆ. ಯಾರ ಮುಖ ಯಾರಿಗೂ ಗೊತ್ತಿಲ್ಲ” ಎಂದಿದ್ದ. ಮುಖ ನೋಡದೆ ಅದೆಂಥ ಸ್ನೇಹವೋ ಎಂದು ನಾನು ಗೊಣಗಿದ್ದೆ.

ಆ ಜಗುಲಿಯಲ್ಲಿ ಅವರೆಲ್ಲ ಆಡುತ್ತಿದ್ದ ಆಟ ಯಾವುದು ಹೇಳು? ನಮ್ಮ ಚೌಕಾಬಾರ! ರಾಜಾಜಿನಗರದ ಹಳೆಯ ಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ನಾನು, ನೀನು, ಅವನು ಆಡುತ್ತಿದ್ದೆವಲ್ಲ, ಅದೇ. ನೀನು ಕವಡೆ ಬೀಳುವ ಮುಂಚೆಯೇ “ಬಾರಾ!” ಎಂದು ಕೂಗಿ ಎಂಟು ಮನೆ ನಡೆಸಿಬಿಡುತ್ತಿದ್ದೆ. ನಿನ್ನ ಕಾಯಿ ಕಡಿದರೆ ಎದ್ದುಹೋಗುತ್ತಿದ್ದೆ. ಆ ಆಟವನ್ನು ಅವನು ಕಂಪ್ಯೂಟರಿನೊಳಗೆ ಕೂರಿಸಿದ್ದ. ಕವಡೆಯನ್ನು ಮಿಷನ್ನೇ ಹಾಕುತ್ತದೆ. ನಾಲ್ಕು ಜನ ಆಟಗಾರರು. ಒಬ್ಬರು ಬೆಳಿಗ್ಗೆ ಫೋನ್ ಮಾಡಿ ಕಾಯಿ ನಡೆಸಿ, ಮಿಕ್ಕವರನ್ನು ಕೆಣಕಿ ಎರಡು ಸಾಲು ಬರೆದು ಹೋಗುತ್ತಾರೆ. ಇನ್ನೊಬ್ಬರು ಮಧ್ಯಾಹ್ನ ಬರುತ್ತಾರೆ. ಒಂದು ಆಟ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಬರೆಯುವುದು ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಕಂಪ್ಯೂಟರಿಗೆ ನಮ್ಮ ಅಕ್ಷರ ಬರುವುದಿಲ್ಲವಂತೆ.

ಅವನು ಹೋದ ಮೇಲೆ ನಾನು ಅದನ್ನೆಲ್ಲ ಆರಿಸಿ ಬಟ್ಟೆ ಮುಚ್ಚಿದ್ದೆ. ಶ್ರಾವಣದಲ್ಲಿ ಒಂದು ದಿನ ಫೋನ್ ಬಂತು. ಹೆಣ್ಣು ದನಿ.

“ಸಾರ್ ಇದಾರಾ? ಜಗುಲಿ ಮತ್ತೆ ಯಾವಾಗ ಶುರು ಆಗುತ್ತೆ ಅಂತ ಕೇಳೋಣ ಅಂತ.”

“ಜಗುಲಿನಾ? ಈಗಿನ ಮನೇಲಿ ಎಲ್ಲಮ್ಮ ಜಗುಲಿ? ಮೂರು ಮೆಟ್ಟಿಲಿದೆ ಅಷ್ಟೆ” ಎಂದೆ. ಆಮೇಲೆ ಹೊಳೆಯಿತು. ಅವನು ಇಲ್ಲ ಎಂದು ಹೇಳಬೇಕಾಯಿತು. ಆ ಹುಡುಗಿ ಮನೆಯ ವಿಳಾಸ ಕೇಳಿ ಬರೆದುಕೊಂಡಳು. ಮರುದಿನ ಸಂಜೆ ವಿಳಾಸ ಹುಡುಕಿಕೊಂಡು ಮನೆಗೇ ಬಂದಳು. ಕೋಕಿಲಾ ಎಂದು ಹೆಸರು, ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ. ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ, ಕೈಯಲ್ಲಿ ಊಟದ ಡಬ್ಬಿ. ಅವನ ಫೋಟೋ ಮುಂದೆ ನಿಂತು, “ಇವ್ರು ಹೀಗಿದ್ರಾ? ನಾನು ದಪ್ಪ ಮೀಸೆ ಇರುತ್ತೆ ಅಂದ್ಕೊಂಡಿದ್ದೆ” ಎಂದಳು. ಅವನ ಮುಖವನ್ನು ಆಕೆ ಮೊದಲು ನೋಡಿದ್ದು ಹಾರ ಹಾಕಿದ ಫೋಟೋದಲ್ಲಿ. ನಾನು ಒಳಗೆ ಹೋಗಿ ಕಾಫಿಗಿಟ್ಟೆ.

ಆಗಲೇ ಕಂಪನಿಯವರಿಂದ ಕಾಗದ ಬಂದಿತ್ತು. ಮರ್ಯಾದೆಯಾಗಿಯೇ ಬರೆದಿದ್ದರು, ಮುಂದಿನ ಸೋಮವಾರ ಆಳು ಕಳಿಸಿ ಕಂಪ್ಯೂಟರ್ ತರಿಸಿಕೊಳ್ಳುತ್ತೇವೆ ಎಂದು. ಕೋಕಿಲಾಗೆ ತೋರಿಸಿದೆ. ಅವಳ ಮುಖ ಸಪ್ಪಗಾಯಿತು.

“ಅಕ್ಕ, ಅವ್ರು ತಗೊಂಡುಹೋಗಿ ಮೊದಲು ಮಾಡೋ ಕೆಲ್ಸ ಒಳಗಿರೋದನ್ನೆಲ್ಲ ಒರೆಸೋದು. ಎರಡು ವರ್ಷದ ಆಟ ಇದೆ ಇದರಲ್ಲಿ. ಯಾರು ಯಾರನ್ನ ಕಡಿದ್ರು, ಯಾರ ಕಾಯಿ ಎಲ್ಲಿತ್ತು, ಯಾರು ಏನು ಬೈದ್ರು, ಎಲ್ಲಾ. ಬೇರೆ ಎಲ್ಲೂ ಇಲ್ಲ. ಪೇಪರಲ್ಲಿ ಬಂದಿಲ್ಲ, ಫೋಟೋ ಇಲ್ಲ.”

“ಆಟ ತಾನೆ ಕಣಮ್ಮ? ನಾವು ಆಡಿದ್ದನ್ನ ಅಮ್ಮ ದಿನಾ ಸಂಜೆ ಪೊರಕೇಲಿ ಗುಡಿಸಿಬಿಡ್ತಿದ್ರು” ಎಂದೆ.

“ಅದಕ್ಕೇ ಅಕ್ಕ. ಈಗ ನಿಮ್ಮ ಆಟದಲ್ಲಿ ಒಂದಾದ್ರೂ ಉಳಿದಿದೆಯಾ?”

ಅಲಮೇಲು, ಆ ಮಾತು ನನಗೆ ನಾಟಿತು. ಅಷ್ಟು ಜಗಳ, ಅಷ್ಟು ನಗು. ನೀನು ಗೆದ್ದದ್ದು ಒಂದು, ನಾನು ಗೆದ್ದದ್ದು ಒಂದು ನೆನಪಿದೆಯೇ? ಇಲ್ಲ. ಸೀಮೆಸುಣ್ಣದ ಪುಡಿ ಮಾತ್ರ ನೆನಪಿದೆ. ಸರಿ, ಏನು ಬೇಕೋ ಮಾಡು ಎಂದೆ.

ಭಾನುವಾರ ಮೂವರೂ ಬಂದರು. ಚಕ್ರಪಾಣಿಯ ಜೊತೆ ಆಡುತ್ತಿದ್ದ ಮೂವರೂ ಒಬ್ಬರನ್ನೊಬ್ಬರು ನೋಡಿದ್ದು ನಮ್ಮ ಹಜಾರದಲ್ಲೇ. ಲಕ್ಷ್ಮೀಪತಿ ಎಂಬವರು ವಿಜಯನಗರದಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದಾರೆ. ಆಟೋದಲ್ಲಿ ಪ್ರಿಂಟರನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದರು. ಇನ್ನೊಬ್ಬರು ಶಿವಬಸಪ್ಪ, ಗದಗದವರು, ಇಲ್ಲೇ ಬ್ಯಾಂಕಿನಲ್ಲಿದ್ದಾರೆ. ಧಾರಾಳ ಮೈ, ಧಾರಾಳ ದನಿ. ಜಗುಲಿಯಲ್ಲಿ ಯಾರೂ ನಿಜವಾದ ಹೆಸರು ಇಟ್ಟುಕೊಳ್ಳುವುದಿಲ್ಲವಂತೆ. ಶಿವಬಸಪ್ಪನವರು ಚಪ್ಪಲಿ ಬಿಡುತ್ತಲೇ ಕೇಳಿದರು:

“ಅಕ್ಕಾರ, ಆ ಪೈಲ್ವಾನ್ ಬಂದಾನೇನ್ರಿ? ನನ್ನ ಕಾಯಿ ಕಡದು ಕಡದು ಹಣ್ಣಾಗಾಕ ಬಿಡಲಿಲ್ಲ ಆ ಮಗಾ. ಇವತ್ತ ಅವಂದ ಒಂದ್ ಕೈ ನೋಡ್ತೀನಿ.”

ಮೂಲೆಯಲ್ಲಿ ವೈರು ಬಿಡಿಸುತ್ತಿದ್ದ ಕೋಕಿಲಾ ತಲೆ ಎತ್ತಿ, “ನೋಡಿ ಸಾರ್. ಪೈಲ್ವಾನ್ ನಾನೇ” ಎಂದಳು.

ಅವರ ಮುಖ ನೀನು ನೋಡಬೇಕಿತ್ತು. ಕುರ್ಚಿ ಹುಡುಕಿಕೊಂಡು ಕೂತರು. “ತಂಗೀ, ನಾ ಬರದದ್ದೆಲ್ಲಾ ನೀ ಓದೀಯೇನ?” ಎಂದರು ಮೆಲ್ಲಗೆ. “ಓದಿದೀನಿ ಸಾರ್. ಇನ್ನೇನು ಪ್ರಿಂಟೂ ಆಗುತ್ತೆ” ಎಂದಳು.

ಪ್ರಿಂಟು ಶುರುವಾಯಿತು. ಹಾರೆ ಕೋಲಿನಿಂದ ತಗಡು ಕೆರೆದ ಹಾಗೆ ಸದ್ದು. ಎರಡು ಅಂಚಿಗೂ ತೂತಿರುವ ಕಾಗದ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಾ ಹಜಾರ ದಾಟಿ ಅಡುಗೆಮನೆ ಬಾಗಿಲಿಗೆ ಬಂತು. ಮುನಿತಾಯಮ್ಮ ಸೊಪ್ಪಿನ ಬುಟ್ಟಿ ಇಳಿಸಿ ಇಣುಕಿದಳು. “ಏನ್ ಅಂಬುಜಮ್ಮ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸು ನಿಮ್ಮನೇಲೇ ಇಟ್ಬಿಟ್ರಾ? ಬಟ್ಟೆ ಎಲ್ಲಿ, ಬರೀ ಪೇಪರ್ ಬರ್ತಾ ಐತೆ!”

ಆಮೇಲೆ ಜಗಳವೂ ಆಯಿತು. ಹೋದ ವರ್ಷದ ಒಂದು ಆಟದಲ್ಲಿ ಕೋಕಿಲಾ ಶಿವಬಸಪ್ಪನವರ ಕೊನೆಯ ಕಾಯಿ ಕಡಿದಿದ್ದಳಂತೆ. ತಮ್ಮ ಕಾಯಿ ಕಟ್ಟೆಮನೆಯಲ್ಲಿತ್ತು, ಅಲ್ಲಿ ಕಡಿಯುವ ಹಾಗೇ ಇಲ್ಲ ಎಂದು ಅವರ ವಾದ. ಕಾಗದ ತೆಗೆದು ನೋಡಿದರೆ ಒಂದು ಮನೆ ಹಿಂದೆ ಇತ್ತು.

“ಮಿಷನ್ ಸುಳ್ಳ ಹೇಳ್ತದ” ಎಂದರು.

“ಇಷ್ಟು ವರ್ಷ ಬ್ಯಾಂಕಲ್ಲಿ ಇದೇ ಮಿಷನ್ ನಂಬ್ಕೊಂಡು ಕೂತಿದೀಯಲ್ಲ ಗುರು” ಎಂದರು ಲಕ್ಷ್ಮೀಪತಿ.

ಕೊನೆಗೆ ಕೋಕಿಲಾ ಪೆನ್ನು ತೆಗೆದು ಕಾಗದದ ಅಂಚಿನಲ್ಲಿ, ‘ಇದನ್ನು ಶಿವಬಸಪ್ಪನವರು ಒಪ್ಪುವುದಿಲ್ಲ’ ಎಂದು ಬರೆದಳು. ಅವರಿಗೆ ಸಮಾಧಾನವಾಯಿತು. ಚರಿತ್ರೆ ಎಂದರೆ ಹೀಗೇ ಬರೆಯುವುದೋ ಏನೋ, ನನಗೆ ಗೊತ್ತಿಲ್ಲ. ಚೆನ್ನಾಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಮರುದಿನವೇ ಸೋಮವಾರ, ಕಂಪನಿಯ ಆಳು ಬರುವ ದಿನ. ಪ್ರಿಂಟು ಅರ್ಧ ಆಗಿತ್ತು. ಎಲ್ಲರೂ ಬಲ್ಬ್ ನೋಡುತ್ತಾ ಕೂತರು. ಏನಾದರೂ ತಿನ್ನಲಿ ಎಂದು ನಾನು ಬೋಂಡಕ್ಕೆ ಹಿಟ್ಟು ಕಲಸಿದೆ. ತಮ್ಮನಿಗೆ ಕಾಮಾಲೆ ಎಂದು ಡಾಕ್ಟರು ಹೇಳಿ, ಕರಿದದ್ದು ಮುಟ್ಟಕೂಡದು ಎಂದ ದಿನದಿಂದ ನಾನು ಒಲೆಯ ಮೇಲೆ ಬಾಣಲೆ ಇಟ್ಟಿರಲಿಲ್ಲ. ಅವತ್ತು ಇಟ್ಟೆ.

ಬಾಗಿಲಲ್ಲಿ ಗಿರಾಕಿ ಬಂದು ನಿಂತಿದ್ದಾರೆ. ಮಿಕ್ಕದ್ದು ನಾಳೆ.

೨೭-೯, ಬುಧವಾರ

ಎಲ್ಲಿಗೆ ನಿಲ್ಲಿಸಿದ್ದೆ? ಬಾಣಲೆ.

ಬೋಂಡದ ತಟ್ಟೆ ಹಿಡಿದು ಹಜಾರಕ್ಕೆ ಬಂದೆ. ಕಿಟಕಿ ಬೆಳಕಿನಲ್ಲಿ ಕೋಕಿಲಾ ಕಾಗದ ಓದುತ್ತಿದ್ದಳು. ಜಗುಲಿಗೆ ಫೋನ್ ಮಾಡಿದರೆ ಮೊದಲು ಕಾಣುವ ಪಟ್ಟಿ ಅದು, ಏನು ಬೇಕೋ ಅದರ ನಂಬರು ಒತ್ತಬೇಕು. ‘ಕವಡಿ ಹಾಕು. ಕಾಯಿ ನಡಿಸು. ಚೀಟಿ ಓದು.’ ಕೊನೆಯಲ್ಲಿ, ‘ಅಕ್ಕ ಕರಿದಳು.’

ಓದಿ ತಲೆ ಎತ್ತಿದರೆ ಎದುರಿಗೆ ಬೋಂಡ ಹಿಡಿದು ನಾನು! ಮೂವರೂ ನಗಲು ಶುರು ಮಾಡಿದರು ನೋಡು. ಶಿವಬಸಪ್ಪನವರು ಕುರ್ಚಿಯಿಂದ ಜಾರಿದರು. “ಅಂತೂ ಇಂತೂ ಅಕ್ಕಾರ ಕರದರಪ್ಪಾ!”

“ಏನು ನಗ್ತೀರ್ರಪ್ಪ, ಉಪ್ಪು ಜಾಸ್ತಿಯಾಯ್ತಾ? ಇನ್ನೂ ತಿಂದೇ ಇಲ್ಲ ನೀವು” ಎಂದೆ.

ಕೋಕಿಲಾ ಕಣ್ಣು ಒರೆಸಿಕೊಂಡು ಬಿಡಿಸಿ ಹೇಳಿದಳು. ಆ ನಂಬರು ಒತ್ತಿದರೆ ಒಂದು ಸರದಿ ಬಿಡಬಹುದಂತೆ. ವಾಪಸು ಬರುವವರೆಗೆ ಮಿಕ್ಕವರು ಆಡುತ್ತಿರಬಹುದು, ಆದರೆ ಎದ್ದುಹೋದವರ ಕಾಯಿ ಕಡಿಯುವ ಹಾಗಿಲ್ಲವಂತೆ.

“ಸಾರ್ ಮನೇಲಿ ಅಕ್ಕ ದಿನಾ ಏನೋ ಕರೀತಾರೆ, ಅದನ್ನ ತಿನ್ನಕ್ಕೆ ಎದ್ದು ಹೋಗ್ತಾರೆ, ಅದಕ್ಕೇ ಈ ರೂಲು ಅಂತ ಎರಡು ವರ್ಷದಿಂದ ಅಂದ್ಕೊಂಡಿದೀವಿ ಅಕ್ಕ. ನಮ್ಮ ಲ್ಯಾಬಲ್ಲಿ ನಾನು ರಜ ಬೇಕಾದ್ರೆ ‘ನಾಳೆ ಅಕ್ಕ ಕರಿದಳು’ ಅಂತಾನೇ ಹೇಳೋದು.”

“ನಾ ಬೆಂಗಳೂರಿಗೆ ಬಂದ ಮ್ಯಾಲೆ ಒಂದು ಒಳ್ಳೇ ಭಜಿ ತಿಂದಿಲ್ರಿ. ಆ ನಂಬರ್ ಒತ್ತೂಮುಂದ ಹೊಟ್ಟಿ ಉರೀತಿತ್ತು” ಎಂದರು ಶಿವಬಸಪ್ಪ.

ನಾನೂ ನಕ್ಕುಬಿಟ್ಟೆ. “ದಿನಾ ಕರಿಯೋಕೆ ನಾನೇನು ಹೋಟೆಲ್ ಇಟ್ಟಿದೀನಾ? ಅದು ಕರಿದಳು ಅಲ್ರಪ್ಪ, ಕರೆದಳು! ನಮ್ಮನೆ ಚೌಕಾಬಾರದ ರೂಲು ಅದು. ಆಡ್ತಾ ಇರೋವಾಗ ಅಮ್ಮ ಕರೆದ್ರೆ ಎದ್ದು ಹೋಗ್ಬೇಕು, ಬರೋವರೆಗೂ ಕಾಯಿ ಮುಟ್ಟಂಗಿಲ್ಲ. ಅಮ್ಮ ಹೋದ್ಮೇಲೆ ಊಟಕ್ಕೆ ಕರೆಯೋಳು ನಾನೇ ತಾನೆ?”

ನಿನಗೆ ನೆನಪಿರಬೇಕು, ಸೋಲುವ ಹಾಗಾದಾಗ ನೀನು ಕಿವಿಗೆ ಕೈ ಇಟ್ಟು, “ಅಮ್ಮ ಕರೆದಂಗಾಯ್ತು” ಎನ್ನುತ್ತಿದ್ದೆ.

ಶಿವಬಸಪ್ಪನವರು ಒಪ್ಪಲಿಲ್ಲ. “ಕರಿದಳು ಅಂತನಽ ಬರದಾರ ನೋಡ್ರಿ. ಚಕ್ರಪಾಣಿಯವರು ನಮ್ಮ ಕಡಿಯವರಲ್ಲೇನ್ರಿ ಮತ್ತ? ಮನಿ ಅಂತಾರ, ಕವಡಿ ಅಂತಾರ, ಕುದರಿ ಅಂತಾರ. ನಮ್ಮ ಊರಾಗಿನ ಮಾತು ಓದಿಧಂಗ ಆಗ್ತಿತ್ತು ನನಗ. ಅದಕ್ಕಽ ದಿನಾ ಫೋನ್ ಹಚ್ಚತಿದ್ದೆ. ಒಮ್ಮೊಮ್ಮೆ ‘ಕಿಲಸ’ ಅಂತ ಬರೀತಿದ್ರು. ಗದಗಿನಾಗ ಹಂಗ ಅನ್ನಂಗಿಲ್ಲ, ಆದ್ರ ನಾ ತಿಳಕೊಂಡೆ, ಮುಧೋಳದ ಬಾಜೂ ಇರಬೇಕು ಅಂತ.”

“ನಾವು ಮಾಗಡಿ ರೋಡು ದಾಟಿ ಆಚೆ ಹೋದೋರಲ್ಲ. ಗದಗ ಯಾವ ದಿಕ್ಕಿಗಿದೆ ಅಂತ ನನ್ನ ತಮ್ಮಂಗೆ ಗೊತ್ತಿತ್ತೋ ಇಲ್ವೋ. ಅವನು ಬಾಯಲ್ಲಿ ಯಾವತ್ತೂ ಮನಿ ಅಂದವನಲ್ಲ” ಎಂದೆ. ಹೇಳುತ್ತಿದ್ದಂತೆಯೇ ನೆನಪಾಯಿತು. ಅವನು ಒಮ್ಮೊಮ್ಮೆ ಆ ಪರದೆ ಮುಂದೆ ಒಬ್ಬನೇ ನಗುತ್ತಿದ್ದ. ಏನೋ ಎಂದು ಕೇಳಿದರೆ, “ಏನಿಲ್ಲಕ್ಕ, ನಂಗೆ ಇನ್ನೊಂದು ಊರು ಸಿಕ್ಕಿದೆ” ಎನ್ನುತ್ತಿದ್ದ.

ಕರೆಂಟು ಬಂತು. ಪ್ರಿಂಟರು ಮತ್ತೆ ಕೆರೆಯತೊಡಗಿತು. ಕೊನೆಯ ಮಡಿಕೆಯವರೆಗೂ ಬಂದಿತು ಸದ್ಯ. ಎಲ್ಲ ಫ್ಲಾಪಿಗೂ ಇಳಿಯಿತು. ಲಕ್ಷ್ಮೀಪತಿ ಬೋಂಡದ ಕೈ ಒರೆಸಿಕೊಂಡು, “ಈ ಕರಿದಳು ಸರಿ ಮಾಡಿಬಿಡೋಣ, ಅಕ್ಕನ ಮರ್ಯಾದೆ ಪ್ರಶ್ನೆ” ಎಂದು ಕೀಬೋರ್ಡಿನ ಮುಂದೆ ಕೂತರು. ಒತ್ತಿದರು. ಮತ್ತೆ ಒತ್ತಿದರು. “ಇದೇನ್ ಗುರು, ‘ಇ’ ಬರ್ತಾನೇ ಇಲ್ಲ!”

ಎ ಬಿ ಸಿ ಡಿ ಆದ ಮೇಲೆ ಬರುವ ‘ಇ’ ಅಲಮೇಲು. ಅದು ಸತ್ತಿತ್ತು. ಆಗ ನನಗೆ ಇನ್ನೊಂದು ನೆನಪಾಯಿತು. ಕಂಪ್ಯೂಟರ್ ಮನೆಗೆ ಬಂದ ದಿನವೇ, “ಇದಕ್ಕೆ ಒಂದು ಹಲ್ಲು ಅಲ್ಲಾಡ್ತಿದೆ ಅಕ್ಕ, 'ಮನೆ' ಅನ್ನಕ್ಕೂ ಬರಲ್ಲ” ಎಂದಿದ್ದ. ನನಗೆ ಎಲ್ಲ ಹಲ್ಲೂ ಸರಿಯಾಗಿಯೇ ಕಂಡಿದ್ದವು, ತಮಾಷೆ ಎಂದುಕೊಂಡಿದ್ದೆ. ಮನೆ ಎಂದು ಬರೆಯಲು ಕೊನೆಗೆ ಆ ‘ಇ’ ಬೇಕು. ಅದಿಲ್ಲದ್ದಕ್ಕೆ ಅವನು ಅದರ ಜಾಗದಲ್ಲೆಲ್ಲ ‘ಐ’ ಒತ್ತಿಕೊಂಡು ಹೋಗಿದ್ದ. ಮನೆ ಮನಿಯಾಯಿತು, ಕೆಲಸ ಕಿಲಸವಾಯಿತು. ಕರೆದ ಅಕ್ಕ ಕರಿದಳು. ಒಂದು ಕೀ ಕೆಟ್ಟದ್ದಕ್ಕೆ ನನ್ನ ತಮ್ಮ ಗದಗದವನಾಗಿಬಿಟ್ಟಿದ್ದ! ಅದು ಗೊತ್ತಾಗಿಯೂ ಅವನು ತಿದ್ದಲಿಲ್ಲ, ಶಿವಬಸಪ್ಪನವರಿಗೆ ಊರು ಸಿಕ್ಕಿದ ಹಾಗಾಗಿದೆ ಎಂದೇ ಇರಬೇಕು.

ಎಲ್ಲರೂ ಮತ್ತೆ ನಗುತ್ತಿದ್ದೆವು. ಕೋಕಿಲಾ ಮಾತ್ರ ನಗುತ್ತಿರಲಿಲ್ಲ. ಕಾಗದದ ರಾಶಿಯ ತುದಿ ಹುಡುಕುತ್ತಿದ್ದಳು. ಚಕ್ರಪಾಣಿ ಜಗುಲಿಯಲ್ಲಿ ಬರೆದ ಕೊನೆಯ ಚೀಟಿ, ಅವನು ಆಸ್ಪತ್ರೆಗೆ ಹೊರಟ ಬೆಳಿಗ್ಗೆಯದು, ಅಲ್ಲಿತ್ತು. ಅದನ್ನು ಹಿಡಿದು ನಿಧಾನಕ್ಕೆ ಓದಿದಳು.

“ನಾನು ಸ್ವಲ್ಪ ದಿನ ಇರಲ್ಲ. ಆಟ ನಿಲ್ಸ್‌ಬಿಡಿ.”

ಅದನ್ನು ಓದಿಯೇ ಮೂವರೂ ಆವತ್ತು ಆಟ ನಿಲ್ಲಿಸಿದ್ದು. ಹುಷಾರಿಲ್ಲ ಎಂದು ಅವನು ಬರೆದಿರಲಿಲ್ಲ, ಊರಿಗೆ ಹೋಗಿರಬೇಕು, ಬಂದು ಮತ್ತೆ ಶುರು ಮಾಡುತ್ತಾರೆ ಎಂದುಕೊಂಡು ಫೋನನ್ನೇ ಮಾಡಿರಲಿಲ್ಲ.

“ಬಿ, ಐ, ಡಿ, ಐ” ಎಂದು ಅಕ್ಷರದ ಮೇಲೆ ಬೆರಳಿಟ್ಟಳು. “ಅವ್ರಿಗೆ ‘ಇ’ ಇರ್ಲಿಲ್ಲ. ಬಿಡಿ ಅಲ್ಲ, ಬೇಡಿ. ಆಟ ನಿಲ್ಸ್‌ಬೇಡಿ.”

ಪ್ರಿಂಟರು ನಿಂತಿತ್ತು. ಅಡುಗೆಮನೆಯಲ್ಲಿ ಎಣ್ಣೆ ಕಾಯ್ದು ಹೊಗೆ ಬಂದದ್ದೂ ಯಾರಿಗೂ ತಿಳಿಯಲಿಲ್ಲ. ಶಿವಬಸಪ್ಪನವರು ಅಷ್ಟು ದೊಡ್ಡ ಮನುಷ್ಯ, ಕೈಯಲ್ಲಿದ್ದ ಅರ್ಧ ಬೋಂಡವನ್ನು ತಟ್ಟೆಗೆ ಇಟ್ಟುಬಿಟ್ಟರು. “ನಿಲ್ಲಿಸಬ್ಯಾಡ್ರಿ ಅಂದಿದ್ರು. ನಾವು ನಿಲ್ಲಿಸಿ ಕುಂತ್ವಿ” ಎಂದರು.

ಯಾರಾದರೂ ಏನಾದರೂ ಹೇಳಬೇಕಿತ್ತು. ನನಗೆ ದೊಡ್ಡ ಮಾತು ಬರುವುದಿಲ್ಲ, ನಿನಗೆ ಗೊತ್ತು. “ಈಗ ಗೊತ್ತಾಯ್ತಲ್ಲ. ಯಾರ ಸರದಿ ಇತ್ತು ಅವಾಗ?” ಎಂದೆ.

ಕೋಕಿಲಾ ಕಾಗದ ನೋಡಿದಳು. “ಸಾರ್‌ದು. ‘ಅಕ್ಕ ಕರಿದಳು’ ಒತ್ತಿ ಎದ್ದುಹೋಗಿದಾರೆ.”

ಎಲ್ಲರೂ ನನ್ನ ಕಡೆ ನೋಡಿದರು.

ಮುಂದಿನದು ಬೇಗ ಹೇಳುತ್ತೇನೆ. ಸೋಮವಾರ ಕಂಪನಿಯ ಆಳು ಬಂದು ಕಂಪ್ಯೂಟರ್ ಕಟ್ಟಿಕೊಂಡ. ಕೀಬೋರ್ಡ್ ಒತ್ತಿ ನೋಡಿ, “ಇದು ಕೆಟ್ಟಿದೆ ಮೇಡಂ, ನಮಗೆ ಬೇಡ” ಎಂದು ಬಿಟ್ಟುಹೋದ. ನನಗೆ ಅದೇ ಬೇಕಿತ್ತು. ಫೋನ್ ನಂಬರು ಎಲ್ಲರಿಗೂ ಗೊತ್ತಿರುವುದು ನಮ್ಮದೇ ಆದ್ದರಿಂದ ಲಕ್ಷ್ಮೀಪತಿ ತಮ್ಮ ಅಂಗಡಿಯ ಹಳೆಯ ಮಿಷನ್ನೊಂದನ್ನು ನಮ್ಮ ಹಜಾರದಲ್ಲೇ ಇಟ್ಟರು. ಹಳೆಯ ಆಟವೆಲ್ಲ ಅದಕ್ಕೆ ಹತ್ತಿತು. ಪ್ರಿಂಟಾದ ಕಾಗದಕ್ಕೆ ನಾನು ಹಸಿರು ಖಣದ ಚೀಲ ಹೊಲಿದಿದ್ದೇನೆ, ಅದನ್ನು ಕೋಕಿಲಾ ತನ್ನ ಕಾಲೇಜಿನ ಲೈಬ್ರರಿಯ ಬೀರುವಿಗೆ ಸೇರಿಸುತ್ತಾಳಂತೆ. ಲಕ್ಷ್ಮೀಪತಿ ಇನ್ನೊಂದು ಸಲ ‘ಕರಿದಳು’ ತಿದ್ದಲು ಹೊರಟರು. ಮಿಕ್ಕ ಇಬ್ಬರೂ ಬಿಡಲಿಲ್ಲ. “ಇದ್ದಂಗೇ ಇರಲಿ. ಸರಿ ಮಾಡಿದ್ರೆ ಅದು ಆಟದ ಕಥೆ ಆಗಲ್ಲ, ವ್ಯಾಕರಣ ಆಗುತ್ತೆ” ಎಂದಳು ಕೋಕಿಲಾ. ನನ್ನ ಒಪ್ಪಿಗೆ ಕೇಳಿದರು. ಕರಿದಳು ಎಂದೇ ಇರಲಿ ಎಂದೆ.

ಅವನ ಕಾಯಿಗಳನ್ನು ಈಗ ನಾನು ನಡೆಸುತ್ತೇನೆ. ಅದೇ ಕೀಬೋರ್ಡ್, ಒಂದೇ ಬೆರಳು. ಮೊದಲ ದಿನವೇ ತಿಳಿಯದೆ ಪೈಲ್ವಾನ್ ಕಾಯಿ ಕಡಿದುಬಿಟ್ಟೆ, ಗದಗದ ಕಡೆಯಿಂದ ಶಭಾಷ್‌ಗಿರಿ ಬಂತು. ನನಗೂ ‘ಇ’ ಇಲ್ಲ. ‘ನಾಳಿ ಬನ್ನಿ’ ಎಂದೇ ಬರೆಯುತ್ತೇನೆ. ಹೊಸದಾಗಿ ಒಬ್ಬರು ಸೇರಿದ್ದಾರೆ, ಅವರು ಮೊನ್ನೆ ‘ತಾವು ಹುಬ್ಬಳ್ಳಿಯವರೇ?’ ಎಂದು ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.

ದೀಪಾವಳಿ ರಜಕ್ಕೆ ಮಕ್ಕಳನ್ನು ಕರೆದುಕೊಂಡು ಬಾ. ಅವರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲೇ ಆಡಲು ಕಲಿಸುತ್ತೇನೆ, ಅವರ ಅಮ್ಮನಿಗಿಂತ ನ್ಯಾಯವಾಗಿ. ನಿನ್ನ ದೊಡ್ಡ ಮಗಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯಲಿ, ಚಿಕ್ಕವನ ಕೆಮ್ಮು ಬೇಗ ವಾಸಿಯಾಗಲಿ. ನೀವೆಲ್ಲ ನಗುನಗುತ್ತಾ ತುಂಬ ಕಾಲ ಇರಿ, ನನ್ನ ಮನಸ್ಸಿನಲ್ಲಿರುವ ಪ್ರಾರ್ಥನೆ ಅದೊಂದೇ.

ನಿನ್ನ
ಅಂಬುಜಾ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು:

ಆಸ್ಪತ್ರೆಗೆ ಹೋಗುವಾಗ ಅವನು, “ಡಬ್ಬಿ ಆರಿಸ್ಬೇಡಕ್ಕ” ಎಂದು ಹೇಳಿ ಹೋಗಿದ್ದ. ನಾನು ಆರಿಸಲಿಲ್ಲ. ಹಗಲೆಲ್ಲ ಅದರ ಪಕ್ಕದಲ್ಲೇ ಹೊಲಿಯುತ್ತಾ ಕೂತಿರುತ್ತಿದ್ದೆ. ಸಂಜೆ ಗಂಜಿ ತೆಗೆದುಕೊಂಡು ಹೋದರೆ, ನಾನು ಸ್ಟೂಲಿನ ಮೇಲೆ ಕೂರುವ ಮುಂಚೆಯೇ ಕೇಳುತ್ತಿದ್ದ, “ಯಾರಾದ್ರೂ ನಡೆ ಹಾಕಿದ್ರಾ ಅಕ್ಕ? ಡಬ್ಬಿ ಕಿರುಚ್ತಾ?” ಇಲ್ಲ ಕಣೋ ಎನ್ನುತ್ತಿದ್ದೆ. ಇಲ್ಲದ್ದನ್ನು ಇದೆ ಎಂದು ಹೇಗೆ ಹೇಳಲಿ? ಮರುದಿನವೂ ಕೇಳುತ್ತಿದ್ದ. ಕೊನೆಕೊನೆಗೆ ಕೇಳುವುದನ್ನು ಬಿಟ್ಟ. ಒಂದು ಸಂಜೆ ತಾನಾಗಿಯೇ, “ಅವರಿಗೆಲ್ಲ ಬೇಜಾರು ಬಂದಿರ್ಬೇಕು ಬಿಡಕ್ಕ, ಆಟ ತಾನೆ” ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಜಗುಲಿಯ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಆ ಮೂವರೂ ಒಳ್ಳೆಯವರು. ಅವರಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಬಂದಾಗ ಅವರು ಮನೆಗೆ ಬರುತ್ತಾರೆ, ಅಪ್ಪಿತಪ್ಪಿಯೂ ಬಾಯಿ ಬಿಡಬೇಡ.

ಇದನ್ನು ಬರೆಯುವಾಗಲೇ ಡಬ್ಬಿ ಕಿರುಚಿತು. ಬೆಳಿಗ್ಗೆಯೂ ಕಿರುಚಿತ್ತು. ಪ್ರತಿ ಸಲವೂ ಹೊಲಿಗೆ ನಿಲ್ಲಿಸಿ ಅವನ ಫೋಟೋ ಕಡೆ ತಿರುಗಿ ಹೇಳುತ್ತೇನೆ: “ಹಾಕಿದ್ರು ಕಣೋ.”